ಇಳಿಸಿದರಂತೆ

ಯಾವ ಪಟ್ಟಿಯನ್ನಾದರೂ ಕೆಳಗಿನಿಂದ ಓದುವ ಅಭ್ಯಾಸ ನನಗೆ ಮದುವೆಯಾದ ಮೇಲೆ ಹತ್ತಿಕೊಂಡಿತು. ತುರುವೇಕೆರೆಯ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವಳು ನಾನು. ಫಲಿತಾಂಶ ಬಂದ ದಿನ ಉಳಿದ ಮೇಷ್ಟರುಗಳೆಲ್ಲ ಮೊದಲು ಬಂದವರು ಯಾರು ಅಂತ ಮುಗಿಬಿದ್ದು ನೋಡುತ್ತಿದ್ದರೆ, ನನ್ನ ಕಣ್ಣು ತಾನಾಗಿಯೇ ತಳಕ್ಕೆ ಹೋಗುತ್ತದೆ. ಇದಕ್ಕೆ ಕಾರಣ ಇವರು. ಇವರು ಅಂದರೆ ನನ್ನ ಗಂಡ, ಫುಟ್‌ಬಾಲ್ ಆಡಿ ಸಂಬಳ ತರುತ್ತಿದ್ದ ಮನುಷ್ಯ. ನಮ್ಮ ತಿಪಟೂರು ಸೀಮೆಯಲ್ಲಿ ಹೀಗೆ ಹೇಳಿದರೆ ಜನ "ಅದು ಸರಿ, ಕೆಲ್ಸ ಏನು?" ಅಂತ ಕೇಳುತ್ತಾರೆ.

ನನ್ನ ತವರು ಹುಳಿಯಾರಿನ ಪಕ್ಕದ ಕೆಂಕೆರೆ. ಈ ಸಂಬಂಧ ತಂದ ನನ್ನ ಸೋದರಮಾವ ನಮ್ಮ ಜಗಲಿಯಲ್ಲಿ ಕೂತು ಅಪ್ಪನಿಗೆ, "ಹುಡ್ಗ ದೊಡ್ಡ ಕ್ಲಬ್ಬಲ್ಲಿ ಆಡ್ತಾನೆ ಕಣ್ ಭಾವ, ತಿಂಗ್ಳಾದ್ರೆ ದುಡ್ಡು ಬತ್ತದೆ" ಅಂದಿದ್ದ. ಕ್ಲಬ್ಬು ಅಂದರೆ ನಮ್ಮ ಕಡೆ ಒಂದೇ ಅರ್ಥ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಮಹಡಿ, ಬಾಗಿಲಿಗೆ ಪರದೆ, ಒಳಗೆ ಇಸ್ಪೀಟು. ಅಪ್ಪ ಎದ್ದು ನಿಂತೇಬಿಟ್ಟರು. "ಇಸ್ಪೀಟ್ ಆಡೋನಿಗೆ ಹೆಣ್ ಕೊಡೋ ಅಂಥದ್ದು ನಮ್ಗೇನ್ ಬಂದೈತೆ?" ಅಂದರು. ಕೊನೆಗೆ ಇವರೇ ಬಂದು, ಬಾಳೆಹಣ್ಣಿನ ತಟ್ಟೆಯನ್ನು ಗೋಲು ಮಾಡಿ, ಹಾಲಿನ ಲೋಟಗಳನ್ನು ಆಟಗಾರರನ್ನಾಗಿ ಇಟ್ಟು ವಿವರಿಸಬೇಕಾಯಿತು. ಎಡಗಡೆಯ ಲೋಟ ತಾನು, ಬಂದವರನ್ನು ತಡೆಯುವುದು ತನ್ನ ಕೆಲಸ ಅಂದರು. ಅಪ್ಪ ಲೋಟವನ್ನೇ ನೋಡುತ್ತಾ, "ಅಂದ್ರೆ ನೀವು ಗೋಲು ಹೊಡ್ಯಲ್ಲ?" ಅಂದರು. "ಇಲ್ಲ, ಹೊಡ್ಯೋರ್ನ ಬಿಡಲ್ಲ," ಅಂದರು ಇವರು. ತೋಟ ಕಾಯುವ ಕೆಲಸದಂತೆ ಕೇಳಿಸಿತೋ ಏನೋ, ಅಪ್ಪ ಒಪ್ಪಿದರು. ಈಗ ಯೋಚಿಸಿದರೆ ಇಸ್ಪೀಟೇ ವಾಸಿ ಅನ್ನಿಸುತ್ತದೆ. ಅಲ್ಲಿ ಸೋತವನನ್ನು ಮಾರನೆಯ ದಿನವೂ ಕರೆದು ಕೂರಿಸಿಕೊಳ್ಳುತ್ತಾರೆ.

ಈ ಆಟದ ಲೆಕ್ಕ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಗೋಳು ಅರ್ಥವಾಗುವುದಿಲ್ಲ. ಗೆದ್ದರೆ ಮೂರು ಅಂಕ, ಸಮವಾದರೆ ಒಂದು, ಸೋತರೆ ಏನೂ ಇಲ್ಲ. ಅಂಕದ ಪ್ರಕಾರ ತಂಡಗಳನ್ನು ಮೇಲಿನಿಂದ ಕೆಳಕ್ಕೆ ಬರೆಯುತ್ತಾ ಹೋಗುತ್ತಾರೆ. ವರ್ಷದ ಕೊನೆಗೆ ಮೇಲೆ ನಿಂತವರು ಇನ್ನೂ ದೊಡ್ಡ ಲೀಗಿಗೆ ಹತ್ತುತ್ತಾರೆ, ತಳದ ಎರಡು ತಂಡಗಳನ್ನು ಕೆಳಗಿನ ಲೀಗಿಗೆ ಇಳಿಸುತ್ತಾರೆ. ಕ್ರಿಕೆಟ್ಟಿನಲ್ಲಿ ಕೊನೆಗೆ ಬಂದವರೂ ಮುಂದಿನ ವರ್ಷ ಹೊಸ ಬಟ್ಟೆ ಹಾಕಿಕೊಂಡು ಮೊದಲಿನಷ್ಟೇ ಜಂಬದಿಂದ ಬರುತ್ತಾರೆ. ಇಲ್ಲಿ ಹಾಗಿಲ್ಲ. ಇಳಿದ ಕ್ಲಬ್ಬಿನ ಆಟವನ್ನು ಯಾರೂ ತೋರಿಸುವುದಿಲ್ಲ, ಜಾಹೀರಾತಿನವರು ಬಿಟ್ಟು ಹೋಗುತ್ತಾರೆ, ಆಟಗಾರರನ್ನು ಮನೆಗೆ ಕಳಿಸುತ್ತಾರೆ.

ಇವರು ಓದಿದ್ದು ತುಮಕೂರಿನ ಹಾಸ್ಟೆಲಿನಲ್ಲಿ ಇದ್ದುಕೊಂಡು. ಅಲ್ಲಿಂದ ಬೆಂಗಳೂರಿನ ಒಂದು ತಂಡ, ಅಲ್ಲಿಂದ ಇನ್ನೊಂದು, ಹೀಗೆ ಹೋಗಿ ಹೋಗಿ ರೈಲಿನಲ್ಲಿ ಎರಡು ದಿನದ ದಾರಿಯ ಪೂರ್ವದ ಊರೊಂದರ ಕ್ಲಬ್ಬಿನಲ್ಲಿ ನೆಲೆ ನಿಂತಿದ್ದರು. ದೇಶದ ಎರಡನೆಯ ದರ್ಜೆಯ ಲೀಗು ಅದು. ನಾನು ಹೇಳುತ್ತಿರುವ ವರ್ಷ ಇವರಿಗೆ ಮೂವತ್ನಾಲ್ಕು. ಎಡ ಮಂಡಿ ಚಳಿಗಾಲದಲ್ಲಿ ಮಾತಾಡಲು ಶುರು ಮಾಡಿತ್ತು. ಕ್ಲಬ್ಬಿನವರು ಮಾತು ಕೊಟ್ಟಿದ್ದರು: ತಂಡ ಅದೇ ಲೀಗಿನಲ್ಲಿ ಉಳಿದರೆ ಇನ್ನೊಂದು ವರ್ಷ ಆಡಿಸುತ್ತೇವೆ, ಆಮೇಲೆ ಚಿಕ್ಕ ಹುಡುಗರಿಗೆ ತರಬೇತಿ ಕೊಡುವ ಕೆಲಸ ಕೊಟ್ಟು ಇಟ್ಟುಕೊಳ್ಳುತ್ತೇವೆ. ಇಳಿದರೆ ಎಲ್ಲರ ಕರಾರೂ ಅಲ್ಲಿಗೆ ಮುಗಿಯಿತು. ಹದಿನಾರನೆಯ ವಯಸ್ಸಿನಿಂದ ಆಟ ಒಂದನ್ನು ಬಿಟ್ಟು ಬೇರೇನೂ ಮಾಡದ ಮನುಷ್ಯ ಮುಂದೆಯೂ ಮೈದಾನದಲ್ಲಿ ಇರುತ್ತಾನೋ ಇಲ್ಲವೋ ಅನ್ನುವುದು ಹನ್ನೆರಡು ಸಾಲಿನ ಒಂದು ಪಟ್ಟಿಯ ಮೇಲೆ ನಿಂತಿತ್ತು.

ಆ ಪಟ್ಟಿಯಲ್ಲಿ ನಾವು ಸಂಕ್ರಾಂತಿಯಿಂದಲೇ ತಳದಲ್ಲಿ ಒದ್ದಾಡುತ್ತಿದ್ದೆವು. ನಾವು ಅನ್ನುತ್ತೇನೆ, ನಾನೇನು ಆಡುತ್ತಿರಲಿಲ್ಲ. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಲೆಕ್ಕ ಹಾಕುತ್ತಿದ್ದೆ. ಈ ತಂಡ ಆ ತಂಡವನ್ನು ಸೋಲಿಸಿದರೆ, ಇನ್ನೊಂದು ಮತ್ತೊಂದರೊಡನೆ ಸಮ ಮಾಡಿಕೊಂಡರೆ, ನಾವು ಮುಂದಿನ ಎರಡರಲ್ಲಿ ಒಂದು ಗೆದ್ದರೆ. ಮಕ್ಕಳಿಗೆ ಸಂಭವನೀಯತೆಯ ಪಾಠ ಮಾಡುವಾಗ, ಆಸೆಯನ್ನು ಲೆಕ್ಕಕ್ಕೆ ಸೇರಿಸಬಾರದು ಅಂತ ಗದರುವ ನಾನೇ ಎಲ್ಲ ಲೆಕ್ಕವನ್ನೂ ನಮ್ಮ ಕಡೆಗೆ ಬಗ್ಗಿಸಿಕೊಳ್ಳುತ್ತಿದ್ದೆ. ನಮ್ಮ ಸ್ಕೂಲಿನ ವಿಜ್ಞಾನದ ಮೇಷ್ಟರು ಒಂದು ದಿನ, "ನಿಮ್ ಟೀಮಿನ ರನ್‌ರೇಟ್ ಎಷ್ಟಿದೆ ಮೇಡಂ?" ಅಂತ ಕೇಳಿದರು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಫೋನಿನಲ್ಲಿ ಇವರ ಹತ್ತಿರ ಲೆಕ್ಕ ತೆಗೆದರೆ ಮಾತ್ರ ಸಿಟ್ಟು. "ಟೇಬಲ್ ನೋಡ್‌ಬೇಡ ಕಣೇ. ನೋಡಿದ್ರೆ ಕಾಲು ಆಡಲ್ಲ," ಅನ್ನುತ್ತಿದ್ದರು.

ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಮಾವ ತೀರಿಕೊಂಡು ವರ್ಷಗಳಾಗಿದ್ದವು. ತೋಟದ ಜವಾಬ್ದಾರಿಯೆಲ್ಲ ಅತ್ತೆಯದು, ಮತ್ತು ಅದನ್ನು ಅವರು ಯಾರ ಕೈಗೂ ಕೊಡುವವರಲ್ಲ. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಒಂದು ವರ್ಷದ ಹತ್ತಿರ ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಗ ಅಟ್ಟದಿಂದ ಇಳಿಸುತ್ತಾರೆ, ಸುಲಿದು ಮಾರ್ಕೆಟ್ಟಿಗೆ ಹಾಕುತ್ತಾರೆ. ಹಾದಿಯಲ್ಲಿ ಎದುರು ಸಿಕ್ಕವರು "ಇಳಿಸಿದ್ರಾ?" ಅಂತ ಕೇಳಿದರೆ, ಕಾದದ್ದು ಮುಗಿಯಿತಾ, ಕೈಗೆ ಬಂತಾ ಅಂತ ಅರ್ಥ. ನಮ್ಮಲ್ಲಿ ಇಳಿಸುವುದು ಅನ್ನುವ ಮಾತಿಗೆ ಕೆಟ್ಟ ಅರ್ಥವೇ ಇಲ್ಲ.

ಕೊನೆಯ ಪಂದ್ಯ ಒಂದು ಭಾನುವಾರದ ಸಂಜೆ ಇತ್ತು. ನಮಗೆ ಸಮ ಸಾಕಾಗಿತ್ತು, ಆದರೆ ನಮ್ಮ ಹಿಂದಿದ್ದ ತಂಡ ಬೇರೆ ಊರಿನಲ್ಲಿ ಅದೇ ಹೊತ್ತಿಗೆ ಆಡುವ ತನ್ನ ಪಂದ್ಯ ಗೆಲ್ಲಬಾರದು. ಅವರು ಗೆದ್ದರೆ ನಮ್ಮನ್ನು ದಾಟುತ್ತಾರೆ. ನನ್ನ ಫೋನಿನಲ್ಲಿ ನಮ್ಮ ಆಟ, ಅತ್ತೆಯ ಫೋನಿನಲ್ಲಿ ಆಗಾಗ ತಾನೇ ಬದಲಾಗುವ ಅಂಕಪಟ್ಟಿ. ಎರಡನ್ನೂ ನಡುಮನೆಯ ಕಂಬಕ್ಕೆ ಒರಗಿಸಿ ಕೂತೆ. ಅತ್ತೆ ಪಕ್ಕದಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಮಗ ಕಂಡಾಗ ಮಾತ್ರ ತಲೆ ಎತ್ತಿ, "ಸೊರಗವ್ನೆ," ಅನ್ನುತ್ತಿದ್ದರು. ಮಗ ಸೊರಗಿರಲಿಲ್ಲ, ಫೋನು ಚಿಕ್ಕದಿತ್ತು.

ನಮ್ಮ ಪಂದ್ಯ ಒಂದಕ್ಕೊಂದು ಸಮವಾಗಿತ್ತು. ಇನ್ನೊಂದು ಊರಿನಲ್ಲೂ ಗೋಲುಗಳು ಸಮ. ಹತ್ತನೆಯ ಸ್ಥಾನದಲ್ಲಿ ನಾವು ಬದುಕಿಕೊಂಡಿದ್ದೆವು. ಇವರು ಆ ದಿನ ಆಡಿದಂತೆ ನಾನು ಯಾವತ್ತೂ ನೋಡಿರಲಿಲ್ಲ. ಎಡಗಡೆಯಿಂದ ಒಬ್ಬ ಚಿಗರೆಯಂಥ ಹುಡುಗ ಮತ್ತೆ ಮತ್ತೆ ನುಗ್ಗಿ ಬರುತ್ತಿದ್ದ, ಇವರು ಪ್ರತಿ ಸಲವೂ ಅಡ್ಡ ಬಿದ್ದರು. ಕೊನೆಕೊನೆಗೆ ಕುಂಟುತ್ತಿದ್ದರು. ರೆಫರಿ ಸೀಟಿ ಊದಿದ. ನಮ್ಮ ಹುಡುಗರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಇವರು ಮೊಣಕಾಲೂರಿ ಕೂತು, ಎರಡೂ ಕೈ ಮೇಲೆತ್ತಿ, ಬಾಯಿ ತುಂಬ ನಗುತ್ತಿದ್ದರು. ನಮ್ಮ ಮದುವೆಯ ಫೋಟೋದಲ್ಲೂ ಆ ನಗು ಇಲ್ಲ.

ಆಗಲೇ ಅತ್ತೆಯ ಫೋನಿನ ಪಟ್ಟಿಯಲ್ಲಿ ಎರಡು ಸಾಲು ಜಾಗ ಬದಲಿಸಿಕೊಂಡವು. ಆ ಊರಿನಲ್ಲಿ ಆಟ ಇನ್ನೂ ಮುಗಿದಿರಲಿಲ್ಲ, ಗಾಯಗಳಿಂದ ಪೋಲಾದ ಹೊತ್ತಿಗೆಂದು ಕೊನೆಗೆ ಸೇರಿಸಿದ ನಿಮಿಷಗಳಲ್ಲಿ ಅವರು ಗೋಲು ಹೊಡೆದಿದ್ದರು. ನಾವು ಹನ್ನೊಂದನೆಯವರಾಗಿದ್ದೆವು. ಕಂಬದ ಎಡಗಡೆ ಇವರು ನಗುತ್ತಲೇ ಇದ್ದರು, ಬಲಗಡೆ ಎಲ್ಲ ಮುಗಿದುಹೋಗಿತ್ತು. ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ ಕೂತ ನನಗೆ ಗೊತ್ತಿತ್ತು, ಮೈದಾನದ ಮಧ್ಯದಲ್ಲಿ ಕೂತ ಇವರಿಗೆ ಗೊತ್ತಿರಲಿಲ್ಲ. ಯಾರಾದರೂ ಹೋಗಿ ಹೇಳಬಾರದೇ, ಆ ಕೈಗಳನ್ನು ಇಳಿಸಬಾರದೇ ಅಂತ ಫೋನನ್ನೇ ಬೇಡಿಕೊಂಡೆ. ಯಾರೂ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಬೆಂಚಿನ ಕಡೆಯಿಂದ ಒಬ್ಬ ತಲೆ ಹಿಡಿದುಕೊಂಡು ಬಂದ. ಇವರು ಅವನನ್ನೂ ನಗುತ್ತಲೇ ಅಪ್ಪಿಕೊಳ್ಳಲು ಹೋದರು. ನಾನು ಫೋನು ಮಗುಚಿ ಇಟ್ಟೆ.

"ಏನಾಯ್ತಮ್ಮ?" ಅಂದರು ಅತ್ತೆ.

ನಾನು ಕಣ್ಣು ಒರೆಸಿಕೊಂಡೆ. "ಇಳಿಸಿದ್ರು ಅತ್ತೆ."

ಅತ್ತೆ ಕೈಯಲ್ಲಿದ್ದ ಕಲ್ಲು ಪಕ್ಕಕ್ಕಿಟ್ಟರು. ಮುಖ ಅರಳಿತು. "ಇಳಿಸಿದ್ರಾ? ಸದ್ಯ, ಶಿವ ಕಣ್ ಬುಟ್ಟ. ಎಷ್ಟು ವರ್ಸ ಅಂತ ಮೇಲೇ ಇಟ್ಕೊಂಡಿರ್ತಾರೆ," ಅಂದರು. ನಾನು ಅಳುತ್ತಿದ್ದದ್ದು ಅವರಿಗೆ ಕಂಡಿತು, ಸಂತೋಷಕ್ಕೆ ಅಂದುಕೊಂಡರು. ತಿದ್ದಿ ಹೇಳಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವರು ಸೆರಗಿಗೆ ಕೈ ಒರೆಸಿಕೊಂಡು ಪಕ್ಕದ ಮನೆಗೆ ಹೊರಟಾಗಿತ್ತು.

ಮಾರನೆಯ ದಿನ ನಾನು ಬಸ್ಸಿಗೆ ಹೋಗುವಾಗ ಬೀದಿಗೆ ಬೀದಿಯೇ ನನ್ನನ್ನು ನಿಲ್ಲಿಸಿ ಮಾತಾಡಿಸಿತು. ಮಗನನ್ನು ಇಳಿಸಿದರಂತೆ, ಇನ್ನು ಊರಿಗೆ ಬರುತ್ತಾನಂತೆ, ಒಳ್ಳೆಯ ರೇಟೇ ಸಿಕ್ಕಿರಬೇಕಂತೆ. ನಮ್ಮ ಕಡೆಯ ಈ 'ಅಂತೆ'ಗೆ ಕಾಲಿಲ್ಲ, ಆದರೆ ನನ್ನ ಬಸ್ಸಿಗಿಂತ ಮುಂದೆ ಓಡುತ್ತದೆ. ಯಾರಿಗೆ ಅಂತ ವಿವರಿಸಲಿ? ಅಟ್ಟದಿಂದ ಇಳಿಸುವುದು ಬೇರೆ, ಪಟ್ಟಿಯಿಂದ ಇಳಿಸುವುದು ಬೇರೆ ಅಂತ ಹಾಲಿನ ಡೇರಿಯ ಮುಂದೆ ನಿಂತು ಪಾಠ ಮಾಡುವ ಶಕ್ತಿ ನನಗಿರಲಿಲ್ಲ. "ಹೂಂ ಅಕ್ಕ, ಹೂಂ ಅಣ್ಣ," ಅಂತ ತಲೆಯಾಡಿಸಿ ಬಸ್ಸು ಹತ್ತಿದೆ.

ಇವರು ಬಂದ ದಿನ ನಾನೇ ರೈಲ್ವೆ ಸ್ಟೇಷನ್ನಿಗೆ ಹೋಗಿದ್ದೆ. ಒಂದು ಚೀಲ ಹೆಗಲಿಗೆ, ಒಂದು ಕೈಯಲ್ಲಿ. ಅಷ್ಟು ವರ್ಷ ಆಡಿದ್ದಕ್ಕೆ ಅಷ್ಟೇ ಸಾಮಾನು. ಆಟೋ ಬೀದಿಯ ಬಾಯಿಗೆ ಬರುತ್ತಿದ್ದಂತೆ ನಮ್ಮ ಪಕ್ಕದ ತೋಟದ ಯಜಮಾನರು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಮಾವನ ಸ್ನೇಹಿತರು, ತುಂಬ ಒಳ್ಳೆಯ ಮನುಷ್ಯ. ತಲೆ ಒಳಗೆ ತೂರಿಸಿ, "ಇಳಿಸಿದ್ರಂತಲ್ಲಪ್ಪಾ. ಬಾಳ ಸಂತೋಸ ಕಣಪ್ಪ. ನಿಮ್ಮಪ್ಪ ಇದ್ದಿದ್ರೆ ಎಷ್ಟು ಖುಸಿ ಪಡೋನು," ಅಂದರು.

ಇವರು ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ನಾಲ್ಕೈದು ಭಾಷೆಯಲ್ಲಿ ಬೈಗುಳ ತಿಂದು ಬಂದ ಮನುಷ್ಯನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ, "ಹೂಂ ದೊಡ್ಡಪ್ಪ, ಇಳಿಸಿದ್ರು," ಅಂದರು, ತುಂಬ ಮೆತ್ತಗೆ. ಮನೆಯಲ್ಲಿ ಅತ್ತೆ ಒಬ್ಬಟ್ಟು ಮಾಡಿದ್ದರು. ಇವರು ಕೂತು ಒಂದನ್ನೂ ಬಿಡದೆ ತಿಂದರು. ನನಗೆ ಆ ತಟ್ಟೆಯನ್ನು ಕಿತ್ತು ಎಸೆಯುವಷ್ಟು ಕೋಪ ಬಂತು, ಯಾರ ಮೇಲೆ ಅಂತ ಮಾತ್ರ ತಿಳಿಯಲಿಲ್ಲ.

ಕೈ ತೊಳೆಯುವಾಗ ನನ್ನೊಬ್ಬಳನ್ನೇ ಕೇಳಿದರು. "ಸೀಟಿ ಊದಿದ್ಮೇಲೆ ನಾನು ನಗ್ತಿದ್ನಲ್ಲ, ಅದು ಕಾಣಿಸ್ತಾ?"

"ಇಲ್ಲ ಕಣ್ರೀ, ಕ್ಯಾಮೆರಾ ಬೇರೆ ಕಡೆ ತಿರುಗಿತ್ತು," ಅಂದೆ.

ನಂಬಿದರೋ ಇಲ್ಲವೋ. ವಾರ ಕಳೆಯುವುದರೊಳಗೆ ಆ ತುಣುಕು ಎಲ್ಲರ ಫೋನಿಗೂ ಬಂತು. ಯಾರೋ ಪುಣ್ಯಾತ್ಮರು ಒಂದು ಕಡೆ ಇವರ ನಗು, ಇನ್ನೊಂದು ಕಡೆ ಆ ಊರಿನ ಗೋಲು ಜೋಡಿಸಿ, ಹಿಂದೆ ಮದುವೆ ಬ್ಯಾಂಡಿನ ಸದ್ದು ಹಾಕಿದ್ದರು. ನೋಡಿದವರೆಲ್ಲ ನಕ್ಕರಂತೆ. ಇವರು ಅದನ್ನು ಎಷ್ಟು ಸಲ ನೋಡಿದರೋ ನನಗೆ ಗೊತ್ತಿಲ್ಲ. ನನ್ನ ಮುಂದೆ ಒಂದೇ ಸಲ ನೋಡಿ, ಫೋನನ್ನು ಹಿಂದಕ್ಕೆ ಕೊಟ್ಟು, "ಬ್ಯಾಂಡ್ ಚೆನ್ನಾಗೈತೆ," ಅಂದರು.

ಆಮೇಲಿನದು ಕಾಯುವ ಕಾಲ. ಬೇಸಿಗೆಯಿಂದ ಮಳೆಗಾಲದವರೆಗೆ ಕ್ಲಬ್ಬುಗಳು ಹೊಸ ಆಟಗಾರರನ್ನು ತೆಗೆದುಕೊಳ್ಳುತ್ತವೆ. ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಇವರು ಕೆರೆ ಏರಿಯ ಮೇಲೆ ಓಡುತ್ತಿದ್ದರು. ವಾಪಸು ಬಂದು ಮಂಡಿಗೆ ಐಸ್ ಇಟ್ಟುಕೊಂಡು ಫೋನು ಎದುರಿಗಿಟ್ಟುಕೊಂಡು ಕೂರುತ್ತಿದ್ದರು. ಇಷ್ಟು ವರ್ಷ ಇವರಿಗೆ ಕ್ಲಬ್ಬು ಹುಡುಕಿ ಕೊಡುತ್ತಿದ್ದ ಏಜೆಂಟು ಮೊದಮೊದಲು, "ಮಾತಾಡ್ತಾ ಇದ್ದೀನಿ," ಅಂದ. ಆಮೇಲೆ ಮೀಟಿಂಗಿನಲ್ಲಿದ್ದ. ಆಮೇಲೆ ಫೋನು ಎತ್ತುವುದನ್ನು ಬಿಟ್ಟ. ಇಳಿದ ತಂಡದ ಡಿಫೆಂಡರ್ ಅಂದರೆ ಗೋಲು ಬಿಟ್ಟುಕೊಟ್ಟವನು ಅಂತ ಲೆಕ್ಕವಂತೆ. ಇವರು ತಡೆದದ್ದನ್ನು ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ.

ಅತ್ತೆಗೆ ನಿಧಾನವಾಗಿ ತಿಳಿಯಿತು. ಯಾರೂ ಹೇಳಲಿಲ್ಲ. ಒಂದು ಮಧ್ಯಾಹ್ನ ಅಟ್ಟದ ಏಣಿಯ ಪಕ್ಕ ಮಗ ಸುಮ್ಮನೆ ಗೋಡೆ ನೋಡುತ್ತಾ ಕೂತಿದ್ದನ್ನು ಕಂಡು ಹತ್ತಿರ ಹೋಗಿ ನಿಂತರು. "ತಗೊಳೋರು ಯಾರೂ ಬರ್ಲಿಲ್ವೇನಪ್ಪ?" ಅಂದರು. ಇವರು ಇಲ್ಲ ಅಂತ ತಲೆಯಾಡಿಸಿದರು. "ಅಂಗಾರೆ ಯಾಕ್ಲಾ ಇಳಿಸಿದ್ರು?" ಅಂದರು ಅತ್ತೆ. ಇವರು ಎದ್ದು ತೋಟಕ್ಕೆ ಹೋದರು. ಅವತ್ತಿನಿಂದ ಅತ್ತೆ ಬೀದಿಯಲ್ಲಿ ಮಗನ ಮಾತು ಎತ್ತುವುದನ್ನು ಬಿಟ್ಟರು. ಯಾರಾದರೂ ಎತ್ತಿದರೆ ಕೊಬ್ಬರಿ ಧಾರಣೆ ಕೇಳಿ ಮಾತು ತಿರುಗಿಸುತ್ತಿದ್ದರು.

ಮಳೆ ಶುರುವಾದ ಮೇಲೆ ಕೆರೆ ಏರಿಯ ಓಟ ನಿಂತಿತು. ಕೆಸರು ಅಂದರು. ಕೆಸರು ಒಣಗಿದ ಮೇಲೂ ಎದ್ದು ಹೋಗಲಿಲ್ಲ. ನಾನು ಕೆಣಕಿ ನೋಡಿದೆ, ಬೈದು ನೋಡಿದೆ, ಹೊಟ್ಟೆ ಬರುತ್ತಿದೆ ಅಂತ ಹಂಗಿಸಿ ನೋಡಿದೆ. ನನ್ನ ಬಾಯಿಗೆ ನಮ್ಮ ಸ್ಕೂಲಿನ ಹೆಡ್‌ಮಾಸ್ಟರೇ ಹೆದರುತ್ತಾರೆ, ಇವರಿಗೆ ಅದು ತಾಗಲಿಲ್ಲ. ತೋಟಕ್ಕೆ ಹೋಗಿ ಗರಿ ಆಯುತ್ತಿದ್ದರು, ಬಂದು ಉಣ್ಣುತ್ತಿದ್ದರು. ನಾನು ಮಾತ್ರ ಕಾಯುವುದನ್ನು ಬಿಡಲಿಲ್ಲ. ಒಂದೇ ಒಂದು ಫೋನು ಬಂದರೆ ಸಾಕು, ಈ ಮನುಷ್ಯ ಮತ್ತೆ ಎದ್ದು ಓಡುತ್ತಾರೆ ಅಂತ ನಾನು ಖಂಡಿತವಾಗಿ ನಂಬಿದ್ದೆ. ದೇವರ ಮುಂದೆ ಕೂತಾಗಲೂ ಬೇರೇನೂ ಕೇಳುತ್ತಿರಲಿಲ್ಲ.

ಆ ಫೋನು ಬಂತು. ಶನಿವಾರ, ನಾನು ಬೆಳಗಿನ ಸ್ಕೂಲು ಮುಗಿಸಿ ಬಂದು ಬಟ್ಟೆ ಒಣಹಾಕುತ್ತಿದ್ದೆ. ಇವರು ಫೋನು ಮನೆಯಲ್ಲೇ ಬಿಟ್ಟು ತೋಟಕ್ಕೆ ಹೋಗಿದ್ದರು. ಎತ್ತಿದರೆ ಹಿಂದಿಯಲ್ಲಿ ಒಬ್ಬರು ಮಾತಾಡಿದರು, ಬಹಳ ಮರ್ಯಾದೆಯ ದನಿ. ಅವರ ತಂಡ ಆ ವರ್ಷ ಕೆಳಗಿನ ಲೀಗಿನಿಂದ ಮೇಲಕ್ಕೆ ಹತ್ತಿ ಬಂದಿತ್ತು. ಎಲ್ಲ ಚಿಕ್ಕ ಹುಡುಗರು, ಎಡಗಡೆ ನಿಂತು ನಡೆಸುವ ಅನುಭವದವರು ಒಬ್ಬರು ಬೇಕು, ಮುಂದಿನ ವಾರವೇ ಬರಲು ಆಗುತ್ತದೆಯೇ ಅಂತ ಕೇಳಿದರು. ಒಂದು ವರ್ಷದ ಕರಾರು. ಪರೀಕ್ಷೆಯೂ ಇಲ್ಲ, ಆಟ ನೋಡಿದ್ದೇವೆ ಅಂದರು. ನನಗೆ ಬರುವ ಅಷ್ಟೂ ಹಿಂದಿಯಲ್ಲಿ, ಇಟ್ಟುಬಿಡಬೇಡಿ, ಹಾಗೇ ಇರಿ, ಕೊಡುತ್ತೇನೆ ಅಂತ ಹೇಳಿ, ಚಪ್ಪಲಿಯನ್ನೂ ಹಾಕದೆ ತೋಟಕ್ಕೆ ಓಡಿದೆ.

ಇವರು ಬೋರ್‌ವೆಲ್ಲಿನ ಹತ್ತಿರ ಗರಿಗಳನ್ನು ಎಳೆದು ಒಟ್ಟುತ್ತಿದ್ದರು. ಏದುಸಿರಿನಲ್ಲಿ, "ಕ್ಲಬ್ಬಿನೋರು ಕಣ್ರೀ," ಅಂತ ಫೋನು ಕೈಗಿಟ್ಟೆ. ಇವರು ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಕಿವಿಗೆ ಹಿಡಿದರು. ಆ ಕಡೆಯವರು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದರು. ನಡುವೆ ಒಂದು ಸಲ ಬೆನ್ನು ನೆಟ್ಟಗಾಯಿತು. ನಾನು ನೋಡಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆಮೇಲೆ ಹಿಂದಿಯಲ್ಲಿ, ಏನೂ ತಡವರಿಸದೆ ಹೇಳಿದರು: "ಅವನು ಇಲ್ಲಿಲ್ಲ ಸಾರ್. ನಾನು ಅವನ ಅಣ್ಣ ಮಾತಾಡುತ್ತಿರುವುದು. ಅವನು ಆಟ ಬಿಟ್ಟುಬಿಟ್ಟ."

ಆ ಕಡೆಯವರು ಇನ್ನೂ ಏನೋ ಕೇಳಿದರು. "ಹೌದು, ಪೂರ್ತಿ ಬಿಟ್ಟ," ಅಂದು ಇವರು ಫೋನು ಆಫ್ ಮಾಡಿ ನನ್ನ ಕೈಗೆ ಕೊಟ್ಟರು.

ನನ್ನ ಅತ್ತೆಗೆ ಇರುವುದು ಇವರೊಬ್ಬರೇ ಮಗ. ಅಣ್ಣನಿಲ್ಲ, ತಮ್ಮನಿಲ್ಲ. ನಾನು ಕೆಳಗೆ ನೋಡಿದೆ. ಕಾಲಿಗೆ ಏನೋ ಚುಚ್ಚಿ ರಕ್ತ ಬರುತ್ತಿತ್ತು.

"ಯಾರಂತ್ರೀ?" ಅಂದೆ, ಗೊತ್ತಿದ್ದೂ. ನನ್ನ ಹತ್ತಿರವಾದರೂ ಸಿಟ್ಟಾಗಲಿ, ಅಳಲಿ, ಮಂಡಿ ನೋವು ಅನ್ನಲಿ, ಏನಾದರೂ ಒಂದು ಹೇಳಲಿ ಅಂತ ಕೇಳಿದೆ.

ಇವರು ಬಗ್ಗಿ ಗರಿಯ ಬುಡ ಹಿಡಿದುಕೊಂಡರು. "ನನ್ ತಮ್ಮನ್ನ ಕೇಳ್ತಿದ್ರು ಕಣೇ," ಅಂದರು. "ಪಾಪ, ಅವ್ನು ಬಂದಿದ್ರೆ ಅವರಿಗೆ ಅನುಕೂಲ ಆಗ್ತಿತ್ತು."